ಮುದಿ ಕುದುರೆಯ ಮೇವು: ಬಾಯಿಂದ ಶುರು ಮಾಡಿ, ಟಾನಿಕ್‌ನಿಂದಲ್ಲ

"ಕುದುರೆಗೆ ವಯಸ್ಸಾಗಿದೆ, ಪಕ್ಕೆಲುಬು ಎಣಿಸಬಹುದು, ಯಾವ ಟಾನಿಕ್ ಹಾಕಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೇಳುವವರು ಬೇರೆ ಬೇರೆ. ರೇಸಿನಿಂದ ಬಿಟ್ಟ ಕುದುರೆಯನ್ನು ತೋಟಕ್ಕೆ ತಂದು ಸಾಕಿಕೊಂಡವರು, ಮೆರವಣಿಗೆಗೆ ಕುದುರೆ ಕಳಿಸುವವರು, ಮೈಸೂರಿನ ಟಾಂಗಾದವರು, ಸವಾರಿ ಕಲಿಸುವ ಶಾಲೆಯವರು. ಪ್ರಶ್ನೆ ಮಾತ್ರ ಒಂದೇ. ಅದಕ್ಕೆ ನನ್ನ ಉತ್ತರವೂ ಒಂದೇ: ಟಾನಿಕ್ ಕೊನೆಗೆ. ಮೊದಲು ತೂಕ, ಆಮೇಲೆ ಬಾಯಿ, ಆಮೇಲೆ ರಕ್ತ, ಆಮೇಲೆ ಹುಲ್ಲು, ಆಮೇಲೆ ಕಾಳು. ಈ ಸಾಲು ತಪ್ಪಿದರೆ ದುಡ್ಡು ಹೋಗುತ್ತದೆ, ಕುದುರೆ ಹಾಗೇ ಇರುತ್ತದೆ.

20 ವರ್ಷ ದಾಟಿದ ಕುದುರೆಯನ್ನು ಮುದಿ ಅಂದುಕೊಳ್ಳಿ. ಕಾಯಿಲೆ ಇದ್ದರೆ 15ಕ್ಕೇ ಈ ಲೆಕ್ಕ ಶುರುವಾಗಬಹುದು.

ಶುರು ಮಾಡುವ ಮುಂಚೆ ಇಷ್ಟು ಇಟ್ಟುಕೊಳ್ಳಿ: ದರ್ಜಿಯ ಅಳತೆ ಟೇಪು, ಕೊಕ್ಕೆ ಇರುವ ತೂಕದ ತಕ್ಕಡಿ, ಎರಡು ಬಕೆಟ್, ಒಂದು ನೋಟ್‌ಬುಕ್, ಮತ್ತು ಕುದುರೆ ನೋಡಿ ಅಭ್ಯಾಸವಿರುವ ಪಶುವೈದ್ಯರ ಫೋನ್ ನಂಬರು. ದನದ ಡಾಕ್ಟರೆಲ್ಲ ಕುದುರೆ ಬಾಯಿಗೆ ಕೈ ಹಾಕುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಹಂತ 1: ಅಳೆಯಿರಿ

ಕಣ್ಣಂದಾಜು ಬೇಡ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಹೆಗಲಿನ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಹಿಂದಿನ ಮೂಳೆಯ ತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿ. ಅಷ್ಟು ಕೆ.ಜಿ. ಸುತ್ತಳತೆ 170, ಉದ್ದ 155 ಇದ್ದರೆ 377 ಕೆ.ಜಿ. ಬರುತ್ತದೆ. ಈ ಕುದುರೆಯನ್ನೇ 380 ಕೆ.ಜಿ. ಅಂತ ಇಟ್ಟುಕೊಂಡು ಮುಂದಿನ ಲೆಕ್ಕಗಳನ್ನೆಲ್ಲ ಹೇಳುತ್ತೇನೆ.

ತೂಕದ ಜೊತೆ ಮೈಕಟ್ಟಿಗೂ ಒಂದು ಅಂಕ ಕೊಡಿ. ಅಮೆರಿಕದ ಡಾನ್ ಹೆನ್ನೆಕೆ ಮತ್ತು ಸಂಗಡಿಗರು 1983ರಲ್ಲಿ ಕೊಟ್ಟ 1ರಿಂದ 9ರ ಅಳತೆ ಈಗಲೂ ಎಲ್ಲ ಕಡೆ ನಡೆಯುತ್ತದೆ. 1 ಅಂದರೆ ಎಲುಬಿನ ಗೂಡು, 9 ಅಂದರೆ ಕೊಬ್ಬು ಸುರಿಯುವಷ್ಟು. ನಿಮಗೆ ಬೇಕಾದದ್ದು 5ರ ಆಸುಪಾಸು: ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು.

ಇಲ್ಲಿ ಜನ ಮೋಸ ಹೋಗುವುದು ಹೊಟ್ಟೆ ನೋಡಿ. ಮುದಿ ಕುದುರೆಯ ಹೊಟ್ಟೆ ಜೋಲುತ್ತದೆ, ದಪ್ಪಗಿದೆ ಅನ್ನಿಸುತ್ತದೆ. ಬೆನ್ನು ಮಾತ್ರ ಒಳಗೆ ಕುಸಿದಿರುತ್ತದೆ. ಹೊಟ್ಟೆ ಬಿಡಿ, ಬೆನ್ನು, ಪಕ್ಕೆ ಮತ್ತು ಬಾಲದ ಬುಡವನ್ನು ಕೈಯಿಂದ ಮುಟ್ಟಿ ನೋಡಿ. ಪಕ್ಕೆ ಮೇಲೆ ಕೊಬ್ಬಿದ್ದೂ ಬೆನ್ನು ಕುಸಿದಿದ್ದರೆ ಅದು ಮೇವಿನ ಕೊರತೆಯಲ್ಲ, ಹಂತ 3ರ ಕಾಯಿಲೆಯ ಸುಳಿವು. ಎರಡು ವಾರಕ್ಕೊಮ್ಮೆ ಅಳೆದು ಬರೆದಿಡಿ.

ಹಂತ 2: ಬಾಯಿ ತೋರಿಸಿ

ಕುದುರೆಯ ದವಡೆ ಹಲ್ಲು ನಮ್ಮದರ ಹಾಗಲ್ಲ. ಅದರ ಹೆಚ್ಚಿನ ಭಾಗ ದವಡೆಯ ಒಳಗೇ ಇರುತ್ತದೆ. ವರ್ಷಕ್ಕೆ 2–3 ಮಿ.ಮೀ. ಮೇಲೆ ಬರುತ್ತದೆ, ಅಷ್ಟೇ ಸವೆಯುತ್ತದೆ. 25–30ರ ಹೊತ್ತಿಗೆ ಒಳಗಿನ ದಾಸ್ತಾನು ಮುಗಿಯುತ್ತದೆ. ಆಮೇಲೆ ಹಲ್ಲು ನುಣ್ಣಗಾಗುತ್ತದೆ, ಅಲುಗುತ್ತದೆ, ಬಿದ್ದೂ ಹೋಗುತ್ತದೆ. ಎದುರಿನ ಹಲ್ಲು ಬಿದ್ದ ಕಡೆ ಉಳಿದ ಹಲ್ಲು ಚೂಪಾಗಿ ಬೆಳೆದು ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ.

ಇದು ಮನೆಯಲ್ಲೇ ಗೊತ್ತಾಗುತ್ತದೆ. ಗೋದಲಿಯ ಕೆಳಗೆ ಅರ್ಧ ಅಗಿದ ಹುಲ್ಲಿನ ಉಂಡೆಗಳು ಬಿದ್ದಿವೆಯೇ? ಬಾಯಿ ನಾರುತ್ತಿದೆಯೇ? ಒಂದೇ ಮೂಗಿನ ಹೊಳ್ಳೆಯಿಂದ ಕೀವು ಬರುತ್ತಿದೆಯೇ? ಇನ್ನೊಂದು ಪರೀಕ್ಷೆ ಸ್ವಲ್ಪ ಹೇಸಿಗೆಯದು, ಆದರೆ ಖರ್ಚಿಲ್ಲ. ಒಂದು ಹಿಡಿ ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಜಾಲರಿಯಲ್ಲಿ ಸೋಸಿ. ಉದ್ದುದ್ದ ಹುಲ್ಲಿನ ಎಳೆ, ಇಡೀ ಕಾಳು ಸಿಕ್ಕರೆ ನೀವು ಹಾಕಿದ್ದು ಅರೆಯದೇ ಹೊರಗೆ ಬರುತ್ತಿದೆ ಅಂತ ಅರ್ಥ.

ವೈದ್ಯರು ಬಾಯಿಗೆ ಅಗಳಿಯ ಥರದ ಉಪಕರಣ ಹಾಕಿ, ಟಾರ್ಚ್ ಬಿಟ್ಟು ನೋಡಿ, ಚೂಪಾದ ಅಂಚನ್ನು ಅರ ಹಾಕಿ ಉಜ್ಜುತ್ತಾರೆ. ಮುದಿ ಕುದುರೆಗೆ ಆರು ತಿಂಗಳಿಗೊಮ್ಮೆ ತೋರಿಸುವುದು ಒಳ್ಳೆಯದು. ಎಚ್ಚರಿಕೆ: ಇರುವುದೇ ಸ್ವಲ್ಪ ಹಲ್ಲು. "ಪೂರ್ತಿ ಸಮ ಮಾಡಿಬಿಡಿ" ಅಂತ ಒತ್ತಾಯ ಮಾಡಬೇಡಿ. ಚುಚ್ಚುವುದನ್ನು ತೆಗೆದರೆ ಸಾಕು.

ಹಂತ 3: ರಕ್ತ ಮತ್ತು ಲದ್ದಿ ಪರೀಕ್ಷೆ

ಮೇವು ನಿರ್ಧಾರವಾಗುವುದು ಕಾಯಿಲೆಯ ಮೇಲೆ. ಅದಕ್ಕೆ ಈ ಹಂತವನ್ನು ಹಾರಿಸಬೇಡಿ. ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ. ಲದ್ದಿಯಲ್ಲಿ ಹುಳದ ಮೊಟ್ಟೆ ಎಣಿಸಲು ಹೇಳಿ. ಮೊಟ್ಟೆ ಎಣಿಸದೆ ಸುಮ್ನೆ ಎರಡು ತಿಂಗಳಿಗೊಮ್ಮೆ ಜಂತುಹುಳದ ಔಷಧ ಹಾಕುವ ಅಭ್ಯಾಸ ಬಿಡಿ, ಹುಳಗಳಿಗೆ ಔಷಧ ನಾಟದ ಹಾಗಾಗುತ್ತದೆ.

ಕುಶಿಂಗ್ಸ್ ಬಗ್ಗೆ ತಪ್ಪದೇ ಕೇಳಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಒಂದು ಭಾಗ ಹತೋಟಿ ತಪ್ಪಿ ಹಾರ್ಮೋನು ಜಾಸ್ತಿ ಸುರಿಸುವ ಕಾಯಿಲೆ ಇದು. ಬೇಸಿಗೆಯಲ್ಲೂ ಉದುರದ ಉದ್ದ ಕೂದಲು, ಕುಸಿದ ಬೆನ್ನು, ಜಾಸ್ತಿ ನೀರು ಕುಡಿಯುವುದು, ಪದೇ ಪದೇ ಗೊರಸು ನೋವು ಇದರ ಗುರುತು. ಎಸಿಟಿಎಚ್ ಎಂಬ ಹಾರ್ಮೋನಿನ ಮಟ್ಟ ನೋಡಿ ಪತ್ತೆ ಮಾಡುತ್ತಾರೆ. ಪೆರ್ಗೊಲೈಡ್ ಎಂಬ ಮಾತ್ರೆ ಇದೆ, ಬದುಕಿರುವಷ್ಟು ದಿನವೂ ಕೊಡಬೇಕು. ವೈದ್ಯರು ಬರೆದುಕೊಟ್ಟರೆ ಮಾತ್ರ.

ಬೆಂಗಳೂರಿನ ಸುತ್ತಮುತ್ತ ಇರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹಳ್ಳಿ ಕಡೆಯವರು ತುರ್ತಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು.

ಹಂತ 4: ಹುಲ್ಲು ಸರಿ ಮಾಡಿ

ಕುದುರೆಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಮೇವು ಬೇಕು. ತೂಕ ಇಳಿದಿದ್ದರೆ ಎರಡು ಅಂತ ಇಟ್ಟುಕೊಳ್ಳಿ. ನಮ್ಮ 380 ಕೆ.ಜಿ. ಕುದುರೆಗೆ ಏಳೂವರೆ ಕೆ.ಜಿ. ಅದರಲ್ಲಿ ಬಹುಪಾಲು ನಾರು ಇರಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೀರೇ ಇರುವುದರಿಂದ ಹತ್ತು ಕೆ.ಜಿ. ಹಸಿ ಹಾಕಿದೆ ಅಂದರೆ ಅದು ಎರಡು, ಎರಡೂವರೆ ಕೆ.ಜಿ. ಲೆಕ್ಕ ಅಷ್ಟೇ.

ಯಾವ ಹುಲ್ಲು? ಗರಿಕೆ, ರೋಡ್ಸ್ ಹುಲ್ಲು, ಕಾಳು ಕಟ್ಟುವ ಮೊದಲೇ ಕೊಯ್ದ ಓಟ್ಸ್ ಹುಲ್ಲು ಚೆನ್ನ. ಜೊತೆಗೆ ಕುದುರೆ ಮಸಾಲೆ. ಹೆಸರು ಕೇಳಿ ಗಾಬರಿಯಾಗಬೇಡಿ, ಡಬ್ಬಿಯಲ್ಲಿ ಬರುವ ಪುಡಿಯಲ್ಲ. ಲೂಸರ್ನ್ ಸೊಪ್ಪಿಗೆ ನಮ್ಮ ಕಡೆಯ ಹೆಸರು. ಪ್ರೋಟೀನು, ಕ್ಯಾಲ್ಸಿಯಂ ಎರಡೂ ಜಾಸ್ತಿ, ಮೆತ್ತಗಿರುತ್ತದೆ, ಮುದಿ ಕುದುರೆ ಆಸೆಯಿಂದ ತಿನ್ನುತ್ತದೆ.

ಭತ್ತದ ಹುಲ್ಲು, ರಾಗಿ ಹುಲ್ಲು ದನಕ್ಕೆ ಸರಿ. ಹಲ್ಲಿಲ್ಲದ ಕುದುರೆಗೆ ಅದೊಂದನ್ನೇ ಹಾಕಿದರೆ ಹೊಟ್ಟೆ ಕಟ್ಟುತ್ತದೆ. ನೇಪಿಯರ್ ಈಗ ಎಲ್ಲರ ತೋಟದಲ್ಲೂ ಇದೆ, ಅಲ್ವಾ? ಅದರಲ್ಲಿ ಆಕ್ಸಲೇಟ್ ಎಂಬ ಆಮ್ಲದ ಲವಣ ಜಾಸ್ತಿ. ಅದು ಕ್ಯಾಲ್ಸಿಯಮನ್ನು ಹಿಡಿದಿಟ್ಟು ಮೈಗೆ ಸೇರದ ಹಾಗೆ ಮಾಡುತ್ತದೆ. ಸ್ವಲ್ಪ ಬೆರೆಸಿ ಕೊಡಿ, ಅದನ್ನೇ ನಂಬಿಕೊಳ್ಳಬೇಡಿ. ಜೋಳದ ಹಸಿ ಮೇವು ಕುದುರೆಗೆ ಬೇಡವೇ ಬೇಡ. ಎಳೆಯದರಲ್ಲಿ ಸಯನೈಡ್ ವಿಷದ ಭಯ. ಬಲಿತದ್ದನ್ನೂ ವಾರಗಟ್ಟಲೆ ತಿಂದರೆ ಕೆಲವು ಕುದುರೆಗಳಿಗೆ ಮೂತ್ರ ಹತೋಟಿ ತಪ್ಪಿ ಹಿಂಗಾಲು ತೂರಾಡುತ್ತದೆ.

ಹಲ್ಲು ಪೂರ್ತಿ ಹೋಗಿದ್ದರೆ ಉದ್ದ ಹುಲ್ಲು ಕೊಡುವುದನ್ನೇ ನಿಲ್ಲಿಸಿ. ಹುಲ್ಲನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಒಂದೆರಡು ಸೆಂ.ಮೀ.ಗೆ ಕತ್ತರಿಸಿ ನೆನೆಸಿ. ಲೂಸರ್ನ್ ಉಂಡೆ ಅಥವಾ ಪೆಲೆಟ್ ಸಿಕ್ಕರೆ ಇನ್ನೂ ಸುಲಭ. ಒಂದು ಕೆ.ಜಿ.ಗೆ ಮೂರು ಲೀಟರ್ ನೀರು ಹಾಕಿ ಒಂದೆರಡು ಗಂಟೆ ಬಿಡಿ. ಬೆರಳಲ್ಲಿ ಅದುಮಿದರೆ ಗಟ್ಟಿ ಗುಳಿಗೆ ಸಿಗಬಾರದು, ಅಂಬಲಿಯ ಹದಕ್ಕೆ ಬರಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ನೆನೆಸಿದ್ದು ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಆಯಾ ಹೊತ್ತಿನದು ಆಯಾ ಹೊತ್ತಿಗೆ ನೆನೆಸಿ, ಉಳಿದದ್ದನ್ನು ಗುಂಡಿಗೆ ಹಾಕಿ.

ಮಳೆಗಾಲದಲ್ಲಿ ಬೂಷ್ಟು ಹಿಡಿದ ಮೇವನ್ನು "ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ" ಅನ್ನಬೇಡಿ. ಬೂಷ್ಟು ಒಣಗುತ್ತದೆ, ವಿಷ ಉಳಿಯುತ್ತದೆ. ಮುಖ್ಯವಾಗಿ ಮುಸುಕಿನ ಜೋಳ: ಬೂಷ್ಟು ಹಿಡಿದ ಮುಸುಕಿನ ಜೋಳ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಇದು ಹೆದರಿಸಲು ಹೇಳುತ್ತಿರುವ ಮಾತಲ್ಲ.

ಹಂತ 5: ಕಾಳು, ಬೂಸಾ, ಎಣ್ಣೆ

ಈಗ ಹುರುಳಿ. ನಮ್ಮ ಅಜ್ಜಂದಿರ ಕಾಲದಿಂದ ಕುದುರೆ ಅಂದರೆ ಹುರುಳಿ. ಪ್ರೋಟೀನು ನೂರಕ್ಕೆ 22ರ ಆಸುಪಾಸು, ಒಳ್ಳೆಯ ಕಾಳೇ. ಹಸಿಯಾಗಿ ಕೊಡಬೇಡಿ, ಪ್ರೋಟೀನು ಅರಗದಂತೆ ತಡೆಯುವ ಅಂಶ ಅದರಲ್ಲಿದೆ. ಮೆತ್ತಗೆ ಬೇಯಿಸಿ, ಆರಿಸಿ, ಹಿಸುಕಿ ಕೊಡಿ. ಕಟ್ಟು ಬಸಿದು ಮನೆಯ ಸಾರಿಗೆ ಇಟ್ಟುಕೊಂಡು ಕಾಳು ಕುದುರೆಗೆ ಹಾಕುವವರಿದ್ದಾರೆ. ತಪ್ಪೇನಿಲ್ಲ, ಒಗ್ಗರಣೆಗೆ ಮುಂಚೆ ಎತ್ತಿಟ್ಟರೆ ಸಾಕು.

ತಪ್ಪಾಗುವುದು ಅಳತೆಯಲ್ಲಿ. ಕುದುರೆಯ ಜಠರ ಚಿಕ್ಕದು, ಹಿಡಿಯುವುದು 8ರಿಂದ 15 ಲೀಟರ್. ಒಂದೇ ಸಲ ಎರಡು ಕೆ.ಜಿ. ಕಾಳು ಸುರಿದರೆ ಪಿಷ್ಟ ಅರಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಹೊಟ್ಟೆನೋವು, ಗೊರಸು ನೋವು ಎರಡಕ್ಕೂ ಇದೇ ದಾರಿ. ಒಣ ಕಾಳಿನ ಲೆಕ್ಕದಲ್ಲಿ ಹೊತ್ತಿಗೆ ಅರ್ಧ ಕೆ.ಜಿ. ಮೀರಬೇಡಿ.

ಬೂಸಾ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಕುದುರೆಗಳು ಹಾಳಾಗುವುದು ಇಲ್ಲೇ. ಗೋಧಿ ಬೂಸಾದಲ್ಲಿ ರಂಜಕ, ಅಂದರೆ ಫಾಸ್ಫರಸ್, ಕ್ಯಾಲ್ಸಿಯಂಗಿಂತ ಎಂಟು ಹತ್ತು ಪಟ್ಟು ಜಾಸ್ತಿ. ಅಕ್ಕಿ ತೌಡೂ ಹಾಗೇ, ಜೊತೆಗೆ ಬೇಗ ಕಮಟುತ್ತದೆ. ಕುದುರೆಗೆ ಬೇಕಾದದ್ದು ಇದಕ್ಕೆ ತಿರುಗಾಮುರುಗಾ: ಕ್ಯಾಲ್ಸಿಯಂ ಒಂದೂವರೆ ಪಾಲಾದರೆ ರಂಜಕ ಒಂದು ಪಾಲು. ತಿಂಗಳುಗಟ್ಟಲೆ ಬೂಸಾ ಸುರಿದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ. ಮುಖದ ಮೂಳೆ ಊದುತ್ತದೆ, ಹಲ್ಲು ಅಲುಗುತ್ತದೆ, ಕಾರಣ ಕಾಣದ ಕುಂಟು ಶುರುವಾಗುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಈ ಕಾಯಿಲೆ ಜಾಸ್ತಿ ಬರುತ್ತಿತ್ತು, ಬಿಟ್ಟಿ ಬೂಸಾ ಸಿಗುತ್ತಿತ್ತಲ್ಲ!

ಹಾಗಂತ ಬೂಸಾ ಪೂರ್ತಿ ಬಿಡಬೇಕಿಲ್ಲ. ಕಾಲು ಕೆ.ಜಿ.ಗೆ ನಿಲ್ಲಿಸಿ. ದಿನಕ್ಕೆ ಎರಡು ಕೆ.ಜಿ. ಒಣ ಲೂಸರ್ನ್ ತಿನ್ನುತ್ತಿದ್ದರೆ ಅದರ ಕ್ಯಾಲ್ಸಿಯಮ್ಮೇ ಸಾಕು. ಲೂಸರ್ನ್ ಇಲ್ಲದಿದ್ದರೆ ಮೇವಿಗೆ ಬೆರೆಸುವ ದರ್ಜೆಯ ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿ. ಒಂದು ಕೆ.ಜಿ. ಬೂಸಾದ ರಂಜಕ ಸರಿತೂಗಲು ಸುಮಾರು 30 ಗ್ರಾಂ ಬೇಕು. ಎಲೆಅಡಿಕೆಗೆ ಹಚ್ಚುವ ಸುಣ್ಣ ಹಾಕಬೇಡಿ! ಅದು ಸುಟ್ಟು ನೀರಲ್ಲಿ ಅರಳಿಸಿದ ಸುಣ್ಣ, ಬಾಯಿ ಕರುಳು ಎರಡೂ ಬೇಯುತ್ತವೆ.

ತೂಕ ಏರಿಸಲು ನನ್ನ ಮೆಚ್ಚಿನ ದಾರಿ ಎಣ್ಣೆ. ಪಿಷ್ಟವಿಲ್ಲ, ಶಕ್ತಿ ಜಾಸ್ತಿ. ಯಾವುದೇ ತಾಜಾ ಅಡುಗೆ ಎಣ್ಣೆ ಆದೀತು, ಬೋಂಡಾ ಕರಿದು ಉಳಿದದ್ದಲ್ಲ. 25 ಮಿ.ಲೀ.ನಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ದಿನಕ್ಕೆ 100ಕ್ಕೆ ಬನ್ನಿ. ಲದ್ದಿ ಸಡಿಲವಾದರೆ ಇಳಿಸಿ. ಅಗಸೆ ಬೀಜ 75 ಗ್ರಾಂ ಅವತ್ತವತ್ತೇ ಪುಡಿ ಮಾಡಿ ಹಾಕಿದರೆ ಕೂದಲಿಗೂ ಕೀಲಿಗೂ ಒಳ್ಳೆಯದು. ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿಡಬೇಡಿ, ಅದರಲ್ಲಿ ಸಯನೈಡ್ ಅಂಶ ಬಿಡುಗಡೆಯಾಗುತ್ತದೆ.

ಹಂತ 6: ಕಾಯಿಲೆಗೆ ತಕ್ಕ ಹಾಗೆ ತಿದ್ದಿ

ಕುಶಿಂಗ್ಸ್ ಅಥವಾ ಲ್ಯಾಮಿನೈಟಿಸ್ ಇದ್ದರೆ (ಲ್ಯಾಮಿನೈಟಿಸ್ ಅಂದರೆ ಗೊರಸಿನ ಒಳಪದರ ಊದಿ, ಕಾಲೂರಲಾರದಷ್ಟು ನೋಯುವುದು) ಸಕ್ಕರೆ, ಪಿಷ್ಟ ಎರಡೂ ಕಡಿಮೆ ಮಾಡಿ. ಬಾರ್ಲಿ, ಓಟ್ಸ್ ಕಾಳು, ಮುಸುಕಿನ ಜೋಳ ಬಂದ್. ಹುರುಳಿಯೂ ಬೇಡ. ಬೆಲ್ಲ, ಬಾಳೆಹಣ್ಣು, ಹಬ್ಬದ ಒಬ್ಬಟ್ಟು ಯಾವುದೂ ಬೇಡ. ಬಂದವರೆಲ್ಲ ಪ್ರೀತಿಯಿಂದ ಬೆಲ್ಲದಚ್ಚು ತಿನ್ನಿಸುತ್ತಾರೆ, ಲಾಯದ ಬಾಗಿಲಿಗೆ ಬೋರ್ಡ್ ಹಾಕಿಬಿಡಿ. ಒಣಹುಲ್ಲನ್ನು ಒಂದು ಗಂಟೆ ತಣ್ಣೀರಲ್ಲಿ ಮುಳುಗಿಸಿ, ಆ ನೀರು ಚೆಲ್ಲಿ ಕೊಡಿ, ಸ್ವಲ್ಪ ಸಕ್ಕರೆ ಹೋಗುತ್ತದೆ. ಮಾತ್ರೆ ಕೊಡಲು ಸೌತೆಕಾಯಿಯ ಚೂರು ಸಾಕು.

ಮೂತ್ರಪಿಂಡ ಸೋತಿದ್ದರೆ ಮೇಲೆ ನಾನು ಹೊಗಳಿದ ಕುದುರೆ ಮಸಾಲೆಯೇ ಶತ್ರು. ಕುದುರೆ ಜಾಸ್ತಿಯಾದ ಕ್ಯಾಲ್ಸಿಯಮನ್ನು ಮೂತ್ರದಲ್ಲೇ ಹೊರಹಾಕುತ್ತದೆ. ಅದು ನಿಂತರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಹುಲ್ಲೇ ಮುಖ್ಯ. ಬೂಸಾ, ಹುರುಳಿ ಕಡಿಮೆ, ನೀರು ಧಾರಾಳ. ಯಕೃತ್ತಿನ ತೊಂದರೆ ಇದ್ದರೆ ಎಣ್ಣೆ ಬಿಡಿ, ಪ್ರೋಟೀನು ಇಳಿಸಿ, ಸ್ವಲ್ಪ ಸ್ವಲ್ಪವೇ ಆರು ಸಲ ಕೊಡಿ.

ಕೆಮ್ಮು, ಏದುಸಿರು ಇದ್ದರೆ ಧೂಳೇ ಕಾರಣವಿರಬಹುದು. ಹುಲ್ಲನ್ನು ನೆನೆಸಿಯೇ ಕೊಡಿ. ಕುತ್ತಿಗೆಯ ಕೀಲು ನೋವಿದ್ದರೆ ಬಕೆಟನ್ನು ನೆಲದಿಂದ ಎದೆಯ ಎತ್ತರಕ್ಕೆ ಏರಿಸಿ. ನೋವಿಗೆ ಬ್ಯೂಟ್, ಅಂದರೆ ಫಿನೈಲ್‌ಬ್ಯೂಟಜೋನ್, ಸ್ವಂತ ಬುದ್ಧಿಯಿಂದ ತಿಂಗಳುಗಟ್ಟಲೆ ಕೊಡಬೇಡಿ. ಕರುಳಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಹೊಡೆತ.

ಉಪವಾಸ ಬಿದ್ದ ಬಡಕಲು ಕುದುರೆಯನ್ನು ಎಲ್ಲಿಂದಲೋ ಬಿಡಿಸಿ ತಂದಿದ್ದರೆ ಮೊದಲ ದಿನವೇ ಹೊಟ್ಟೆತುಂಬ ಹುರುಳಿ ಹಾಕಬೇಡಿ. ಖಾಲಿ ಮೈಗೆ ಪಿಷ್ಟ ಬಿದ್ದ ತಕ್ಷಣ ರಕ್ತದ ಲವಣಗಳು ಏರುಪೇರಾಗಿ ಮೂರು ನಾಲ್ಕು ದಿನದಲ್ಲಿ ಸಾಯಬಹುದು. ಕಾಳಿಲ್ಲದೆ ಬರೀ ಲೂಸರ್ನ್, ಅರ್ಧ ಅರ್ಧ ಕೆ.ಜಿ., ನಾಲ್ಕು ಗಂಟೆಗೊಮ್ಮೆ. ಹತ್ತು ದಿನದಲ್ಲಿ ನಿಧಾನಕ್ಕೆ ಏರಿಸಿ, ವೈದ್ಯರ ಕಣ್ಣೆದುರೇ.

ಹಂತ 7: ಈಗ ಬೇಕಾದರೆ ಪುಡಿ, ಟಾನಿಕ್

ಉಪ್ಪು ಮೊದಲು. ಅಡುಗೆ ಉಪ್ಪು ದಿನಕ್ಕೆ 25 ಗ್ರಾಂ, ಬೆವರುವ ಕಾಲದಲ್ಲಿ ಇನ್ನೂ ಸ್ವಲ್ಪ. ಇದರಷ್ಟು ಅಗ್ಗದ, ಇದರಷ್ಟು ಜನ ಮರೆಯುವ ವಸ್ತು ಇನ್ನೊಂದಿಲ್ಲ. ಎರಡನೆಯದು ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣ, ಚೀಲದ ಮೇಲಿನ ಅಳತೆಯಷ್ಟೇ. ಮೂರನೆಯದು ವಿಟಮಿನ್ ಇ. ಹಸಿ ಹುಲ್ಲು ಕಾಣದ ಕುದುರೆಗೆ ದಿನಕ್ಕೆ 400ರಿಂದ 800 ಯೂನಿಟ್, ಎಣ್ಣೆಯ ಜೊತೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ.

ಗೊರಸು ಸೀಳುತ್ತಿದ್ದರೆ ಬಯೋಟಿನ್ ದಿನಕ್ಕೆ 15–20 ಮಿ.ಗ್ರಾಂ. ಗೊರಸು ತಿಂಗಳಿಗೆ ಒಂದು ಸೆಂ.ಮೀ. ಕೂಡ ಸರಿಯಾಗಿ ಬೆಳೆಯುವುದಿಲ್ಲ, ಆರೆಂಟು ತಿಂಗಳು ಕಾಯಬೇಕು. ಕೀಲಿಗೆ ಗ್ಲುಕೋಸಮಿನ್ ಪುಡಿ ಕೇಳುತ್ತೀರಿ. ಕುದುರೆಯಲ್ಲಿ ಅದರ ಪುರಾವೆ ತೆಳು. ಅದೇ ದುಡ್ಡಿಗೆ ಲಾಳದವನನ್ನು ಆರು ವಾರಕ್ಕೊಮ್ಮೆ ಕರೆಸಿ ಗೊರಸು ಕೆತ್ತಿಸಿ.

"ರಕ್ತ ಹೆಚ್ಚಿಸುವ" ಕಬ್ಬಿಣದ ಟಾನಿಕ್ ಬೇಡ. ಮೇವಿನಲ್ಲೇ ಕಬ್ಬಿಣ ಬೇಕಾದಷ್ಟಿರುತ್ತದೆ, ನಮ್ಮ ಕೆಂಪು ಮಣ್ಣಿನ ಧೂಳಿನಲ್ಲೂ ಇರುತ್ತದೆ. ಸೆಲೆನಿಯಂ ಇರುವ ಎರಡು ಪುಡಿ ಒಟ್ಟಿಗೆ ಕೊಡಬೇಡಿ. ಸ್ವಲ್ಪ ಬೇಕಾದ ವಸ್ತು ಅದು, ಸ್ವಲ್ಪ ಜಾಸ್ತಿಯಾದರೆ ವಿಷ, ಜೂಲು ಉದುರಿ ಗೊರಸು ಕಳಚುತ್ತದೆ. ಹೊಸದು ಏನೇ ಇರಲಿ, ಒಂದು ಸಲಕ್ಕೆ ಒಂದೇ, ಆರು ವಾರ ನೋಡಿ.

ಇವನ್ನು ಲಾಯದ ಹತ್ತಿರವೂ ತರಬೇಡಿ

ಹಸುವಿನ ಮತ್ತು ಕೋಳಿಯ ಸಿದ್ಧ ಆಹಾರ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಹಸುವಿಗೆ ಒಳ್ಳೆಯದು, ಕೋಳಿಗೆ ಒಳ್ಳೆಯದು, ಕುದುರೆಯ ಹೃದಯವನ್ನು ಕೊಲ್ಲುತ್ತದೆ. ಪ್ರತಿಮದ್ದು ಇಲ್ಲ. ಎಲ್ಲ ಚೀಲದಲ್ಲೂ ಇರುವುದಿಲ್ಲ ನಿಜ, ಆದರೆ ಕುದುರೆ ಆಹಾರ ಮುಗಿಯಿತೆಂದು ಪಕ್ಕದ ಮನೆಯ ಪಶು ಆಹಾರ ಸಾಲ ತರುವ ದಿನವೇ ಅದು ಇದ್ದುಬಿಡಬಹುದು. ಹರಳು ಹಿಂಡಿಯನ್ನು ತೋಟಕ್ಕೆ ಗೊಬ್ಬರ ಅಂತ ತಂದಿದ್ದರೆ ಬೀಗ ಹಾಕಿಡಿ. ಬೇಲಿಯ ಕಣಗಿಲೆ ಕಿತ್ತುಬಿಡಿ, ಹಿಡಿ ಎಲೆ ಸಾಕು ಸಾಯಲು. ಕತ್ತರಿಸಿ ರಾಶಿ ಹಾಕಿದ ಲಾನ್ ಹುಲ್ಲೂ ಬೇಡ, ಬೇಗ ಹುದುಗುತ್ತದೆ.

ಹಂತ 8: ಒಂದು ದಿನದ ಲೆಕ್ಕ

ನಮ್ಮ 380 ಕೆ.ಜಿ. ಕುದುರೆಗೆ ಹಲ್ಲು ಹೋಗಿದೆ, ಕುಶಿಂಗ್ಸ್ ಇಲ್ಲ, ಗೊರಸು, ಮೂತ್ರಪಿಂಡ, ಯಕೃತ್ತು ಚೆನ್ನಾಗಿವೆ ಅಂದುಕೊಳ್ಳಿ. ಕತ್ತರಿಸಿದ ಒಣಹುಲ್ಲು ನಾಲ್ಕು ಕೆ.ಜಿ., ಲೂಸರ್ನ್ ಪೆಲೆಟ್ ಎರಡು ಕೆ.ಜಿ., ಹುರುಳಿ ಮತ್ತು ಬಾರ್ಲಿ ಸೇರಿ ಒಂದು ಕೆ.ಜಿ., ಬೂಸಾ ಕಾಲು ಕೆ.ಜಿ. ಇವೆಲ್ಲ ಒಣ ತೂಕ. ಮೇಲೆ ಅಗಸೆ, ಎಣ್ಣೆ, ಉಪ್ಪು, ಖನಿಜ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಐದು ಹೊತ್ತು. ಬೇಯಿಸಿದ ಕಾಳು 6ರ ಎರಡು ಹೊತ್ತಿಗೆ ಮಾತ್ರ. ನೀರು 20ರಿಂದ 40 ಲೀಟರ್ ಹೋಗಬೇಕು, ತೊಟ್ಟಿ ತೊಳೆದಿರಬೇಕು.

ಇದನ್ನು ನಾಳೆಯಿಂದಲೇ ಶುರು ಮಾಡಬೇಡಿ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತ ಹತ್ತರಿಂದ ಹದಿನಾಲ್ಕು ದಿನ ತೆಗೆದುಕೊಳ್ಳಿ. ಮತ್ತೆ, ಬೇರೆ ಕುದುರೆಗಳ ಜೊತೆ ತಿನ್ನಲು ಬಿಡಬೇಡಿ. ಪಡ್ಡೆ ಕುದುರೆ ತನ್ನದು ಮುಗಿಸಿ ಬಂದು ಮುದಿಯದನ್ನು ಓಡಿಸುತ್ತದೆ. ನನ್ನ ಹೆಣ್ಣು ಕುದುರೆ ಸೊರಗಿದ್ದು ಇದೇ ಕಾರಣಕ್ಕೆ ಅಂತ ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು.

ತಿನ್ನುತ್ತಿರುವಾಗಲೇ ಕುತ್ತಿಗೆ ಚಾಚಿ ನಿಂತು, ಮೂಗಿನಿಂದ ಹಸಿರು ನೀರು, ಮೇವು ಸುರಿಸಿದರೆ ಗಂಟಲ ಕೆಳಗೆ ಮೇವು ಸಿಕ್ಕಿಕೊಂಡಿದೆ. ಮೇವು, ನೀರು ಎರಡನ್ನೂ ಎತ್ತಿಬಿಡಿ. ತಲೆ ತಗ್ಗಿಸಿ ನಿಲ್ಲಲು ಬಿಡಿ. ಬಾಯಿಗೆ ಪೈಪ್ ಹಾಕಿ ನೀರು ಬಿಡುವುದು, ಎಣ್ಣೆ ಹೊಯ್ಯುವುದು ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರನ್ನು ಕರೆಯಿರಿ. ಸಿಕ್ಕಿಕೊಂಡದ್ದು ಬಿಟ್ಟ ಮೇಲೂ ಕೆಲವು ದಿನ ಚೆನ್ನಾಗಿ ನೆಂದ ಅಂಬಲಿ ಮೇವು ಮಾತ್ರ ಕೊಡಿ, ಜ್ವರ ನೋಡುತ್ತಿರಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮತ್ತೆ ಫೋನ್ ಮಾಡಿ.